ಹೆಂಡತಿಗೂ ಬಸ್ ನಿಲ್ಲಿಸದ ಗಫೂರ್‌ಸಾಬ್

ಸ್ವಂತ ಹೆಂಡತಿಯನ್ನು ಕೆಳಗೆ ಬಿಟ್ಟು, ಸೀಟಿ ಊದಿ ಬಸ್ ಕಳಿಸಿದ ಮನುಷ್ಯನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಕಮಲಾಪುರ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಗಫೂರ್‌ಸಾಬ್.

ಅವತ್ತು ಅವರ ಹೆಂಡತಿ ಶಹನಾಜ್ ಚಾಚಿ ಹುಮನಾಬಾದಕ್ಕೆ, ತಂಗಿಯ ಮನೆಗೆ ಹೊರಟಿದ್ದರು. ಬಸ್ ಹತ್ತಿ ಸೀಟಿನ ಮೇಲೆ ಚೀಲ ಇಟ್ಟರು. ಆಮೇಲೆ ತಂಗಿಯ ಮಕ್ಕಳ ನೆನಪಾಗಿ, ಗೇಟಿನ ಹೊರಗೆ ಕೆಂಪು ಬಾಳೆಹಣ್ಣು ಕೊಳ್ಳಲು ಇಳಿದರು. ಕಮಲಾಪುರದಿಂದ ಯಾರಾದರೂ ಬರಿಗೈಯಲ್ಲಿ ಬೀಗರೂರಿಗೆ ಹೋಗುತ್ತಾರೆಯೆ? ಹಣ್ಣಿನವಳ ಹತ್ತಿರ ಚೌಕಾಸಿ ನಡೆದಿತ್ತು. ಗಫೂರ್‌ಸಾಬರು ಗಡಿಯಾರ ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಗಡಿಯಾರ ನೋಡಿ ಸೀಟಿ ಊದಿಬಿಟ್ಟರು. ಚೀಲ ಹುಮನಾಬಾದಕ್ಕೆ ಹೋಯಿತು, ಚಾಚಿ ಕಮಲಾಪುರದಲ್ಲೇ ಉಳಿದರು.

"ಮುಂದಿನ ಬಸ್ಸು ನಲ್ವತ್ತು ನಿಮಿಷಕ್ಕ ಅದ ಬೀಬಿ, ಕುಂಡ್ರು. ಚೀಲದ ಬಗ್ಗೆ ಕಂಡಕ್ಟರಗ ಹೇಳೀನಿ" ಅಂದರಂತೆ.

ಚಾಚಿ ಸೀದಾ ಕಂಟ್ರೋಲರ್ ಖೋಲಿಗೆ ಹೋಗಿ, ಗಂಡನ ಖುರ್ಚಿಯಲ್ಲೇ ಕುಳಿತು, ಒಂದೊಂದಾಗಿ ಬಾಳೆಹಣ್ಣು ತಿಂದು, ಸಿಪ್ಪೆಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟರು. ಈ ಕತೆಯನ್ನು ಬಸ್‌ಸ್ಟ್ಯಾಂಡಿನ ಚಹಾದವ ದಿನಕ್ಕೊಬ್ಬರಿಗಾದರೂ ಹೇಳುತ್ತಿದ್ದ. ಸಿಪ್ಪೆಗಳ ಲೆಕ್ಕ ಮಾತ್ರ ಹೇಳಿದಾಗಲೆಲ್ಲ ಹೆಚ್ಚಾಗುತ್ತಿತ್ತು.

ಗಫೂರ್‌ಸಾಬರು ಎತ್ತರದವರಲ್ಲ. ಖಾಕಿ ಅಂಗಿ, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ, ಕಿವಿಯ ಹಿಂದೆ ಸುಣ್ಣದ ಕಡ್ಡಿ. ಖೋಲಿಯ ಗೋಡೆಗೆ ಒಂದು ಕರಿ ಹಲಗೆ ಇತ್ತು. ಅದರಲ್ಲಿ ಬಸ್ಸು ಹೊರಡಬೇಕಾದ ಹೊತ್ತಿನ ಪಕ್ಕದಲ್ಲಿ, ಅದು ನಿಜವಾಗಿ ಹೊರಟ ಹೊತ್ತನ್ನೂ ಬರೆಯುತ್ತಿದ್ದರು. ಹಾಗೆ ಬರೆಯಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಮೈಕು ಕೆಟ್ಟು ಎಷ್ಟೋ ವರ್ಷವಾಗಿತ್ತು, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. "ಕಲಬುರಗಿ, ಕಲಬುರಗಿ! ದವಾಖಾನಿಯವರು, ಕಚೇರಿಯವರು, ಸೂಪರ್ ಮಾರ್ಕೆಟಿಗೆ ಲಗ್ನದ ಸೀರಿ ತರೋರು, ಏಳ್ರೀ ಮ್ಯಾಲ!" ಅಂತ ಕೂಗಿದರೆ ಮಲಗಿದ್ದ ನಾಯಿ ಕೂಡ ಎದ್ದು ನಿಲ್ಲುತ್ತಿತ್ತು.

ನನ್ನ ಅವರ ಗುರುತು ಜಗಳದಿಂದ ಶುರುವಾದದ್ದು.

ನಮ್ಮೂರು ಹುಣಚಿನಾಳ. ಕಮಲಾಪುರದಿಂದ ಹನ್ನೊಂದು ಕಿಲೋಮೀಟರು ಒಳಗೆ. ನಾನು ಸಾಲಿ ಬಿಟ್ಟದ್ದು ಏಳನೇತ್ತೆಗೆ. ಊರಲ್ಲಿ ಅಲ್ಲಿಗೇ ಸಾಲಿ ಮುಗಿಯುತ್ತಿತ್ತು, ಮುಂದಿನದಕ್ಕೆ ಕಮಲಾಪುರಕ್ಕೆ ನಡೆಯಬೇಕು, ನಡುವೆ ಹಳ್ಳ. ಮಳೆಗಾಲದಲ್ಲಿ ಹಳ್ಳ ಬಂದರೆ ಆಚೆಯವರು ಆಚೆ, ಈಚೆಯವರು ಈಚೆ. ಬಿಟ್ಟೆ ಅಂತ ಅಳುತ್ತ ಕೂತವನಲ್ಲ ನಾನು. ಗೌಂಡಿ ಕೆಲಸ ಕಲಿತೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಾನು ಎಬ್ಬಿಸಿದ ಮನೆಗಳಿವೆ. ಯಾವ ಇಂಜಿನಿಯರ್ ಬೇಕಾದರೂ ಬಂದು ಗೋಡೆಗೆ ತೂಗುಗುಂಡು ಬಿಟ್ಟು ನೋಡಲಿ, ಒಂದು ನೂಲು ಆಚೀಚೆ ಆಗಿದ್ದರೆ ಕರಣಿ ಕೆಳಗಿಡುತ್ತೇನೆ.

ಆದರೆ ಆ ಕಾಲೋನಿಯಲ್ಲಿ ಅಟ್ಟಣಿಗೆಯ ಮೇಲೆ ನಿಂತು ಕೆಲಸ ಮಾಡುವಾಗ ದಿನಾ ಒಂದು ನೋಟ ಕಣ್ಣಿಗೆ ಬೀಳುತ್ತಿತ್ತು. ಸಾಲಿಯ ಹಳದಿ ಗಾಡಿ ಮನೆ ಬಾಗಿಲಿಗೇ ಬಂದು ಹಾರ್ನ್ ಹೊಡೆಯುತ್ತಿತ್ತು. ಎರಡು ಜಡೆಯ ಹುಡುಗಿ ತಿನ್ನುತ್ತ ತಿನ್ನುತ್ತ ಬಂದು ಹತ್ತುತ್ತಿದ್ದಳು. ನನ್ನ ಮಗಳು ಅಂಬಿಕಾಳ ವಯಸ್ಸೇ. ನಮ್ಮೂರಲ್ಲಿ ಬಾಗಿಲಿಗೆ ಬರುವ ಗಾಡಿ ಎಂದರೆ ಹಾಲಿನದು ಒಂದೇ.

ಒಂದು ಮುಂಜಾನೆ ಬೈಕಿಗೆ ಪಂಕ್ಚರ್ ಆಗಿ ಕಮಲಾಪುರಕ್ಕೆ ಬರುವುದು ತಡವಾಯಿತು. ಕಲಬುರಗಿ ಬಸ್ ಹೊರಟಿತ್ತು. ಕೈ ಮಾಡುತ್ತ ಓಡಿದೆ. ಗಫೂರ್‌ಸಾಬರು ನನ್ನ ಕಡೆ ನೋಡುತ್ತಲೇ ಸೀಟಿ ಊದಿದರು.

"ಏನ್ರೀ ಸಾಬ್, ಕಣ್ಣ ಕಾಣಂಗಿಲ್ಲೇನು? ಓಡಿ ಬರ್ಲಾಕತ್ತಿದ್ದೆ!"

"ಕಂಡ್ತು. ನೀ ಓಡೋದೂ ಕಂಡ್ತು, ಗಡಿಯಾರ ಓಡೋದೂ ಕಂಡ್ತು. ಗಡಿಯಾರ ಮುಂದ ಇತ್ತು."

"ಒಂದು ನಿಮಿಷ ನಿಲ್ಲಿಸಿದ್ರ ಸರ್ಕಾರ ಮುಳುಗ್ತಿತ್ತೇನು?"

ಅವರು ನನ್ನ ಚೀಲದಿಂದ ಹೊರಗೆ ಇಣುಕಿದ್ದ ಕರಣಿಯ ಹಿಡಿ ನೋಡಿದರು. "ಸರ್ಕಾರ ಮುಳುಗಂಗಿಲ್ಲ ಮೇಸ್ತ್ರಿ. ಮಹಾಗಾಂವ ಕ್ರಾಸಿನಾಗ ಒಬ್ಬಾಕಿ ಮುದುಕಿ ದವಾಖಾನಿಗೆ ಹೋಗ್ಲಾಕ ನಿಂತಿರ್ತಾಳ. ನಿಂದೊಂದು ನಿಮಿಷ, ಇನ್ನೊಬ್ಬಂದು ಒಂದು ನಿಮಿಷ, ಎಲ್ಲಾ ಕೂಡಿ ಆಕಿ ನೆತ್ತಿ ಮ್ಯಾಲ ಬಿಸಲಾಗಿ ಬೀಳ್ತದ. ಯಾವೂರು ನಿಂದು?"

"ಹುಣಚಿನಾಳ."

"ಓಹೋ, ಬಸ್ಸೇ ಇಲ್ಲದ ಊರು." ಅವರ ಮುಖದ ಸಿಡುಕು ಇಳಿಯಿತು. "ನೋಡು, ಬಸ್ ತಪ್ಪಿ ಬೈಯೋದೂ ಒಂದು ನಸೀಬು. ನಿಮ್ಮೂರಿನವರಿಗೆ ಅದೂ ಇಲ್ಲ. ಒಂದಿನ ಹುಣಚಿನಾಳದ ಬಸ್ ತಪ್ತು ಅಂತ ನೀ ಬಂದು ನನ್ನ ಬೈಬೇಕು ಮೇಸ್ತ್ರಿ. ಅವತ್ತಿನ ಚಾ ನಂದು."

ಮುಂದಿನ ಬಸ್ಸಿಗೆ ಹೊತ್ತಿತ್ತು. ಮಕ್ಕಳೆಷ್ಟು ಅಂತ ಕೇಳಿದರು. ಒಬ್ಬಳೇ ಮಗಳು, ಎಂಟನೇತ್ತೆ ಮುಗಿಸುತ್ತಾಳೆ ಅಂದೆ. ನನ್ನ ಕಾಲಕ್ಕಿಂತ ಒಂದು ತರಗತಿ ಊರ ಸಾಲಿಗೆ ಹೆಚ್ಚಾಗಿತ್ತು, ಅಷ್ಟೇ.

"ಮುಂದ?"

"ಮುಂದೇನ್ರಿ, ಮನಿ."

ಅವರು ಸುಣ್ಣದ ಕಡ್ಡಿ ತೆಗೆದು ಹಲಗೆಯ ಮೇಲೆ ಹೊತ್ತು ಬರೆದರು. ಹಾಗೇ ಬೆನ್ನು ಮಾಡಿಕೊಂಡೇ ಕೇಳಿದರು: "ಹಳ್ಳಕ್ಕ ಬ್ರಿಜ್ ಆಗ್ಯದಲ್ಲ ಈಗ. ಬಸ್ ಯಾಕ ಕೇಳಂಗಿಲ್ಲ?"

"ಕೇಳೀವಿ. ಜನ ಇಲ್ಲ ಅಂತಾರ. ಬಸ್ಸೇ ಇಲ್ಲಂದ್ರ ಜನ ಎಲ್ಲಿಂದ ಬರ್ತಾರ್ರೀ?"

"ಬೇಕು ಬೇಕು ಅಂತ ಬರದ ಅರ್ಜಿ ಡಿಪೋದಾಗ ಗಂಟುಗಟ್ಲೆ ಬಿದ್ದಾವ. ನೀ ಬೇಕು ಅಂತ ಬರೀಬ್ಯಾಡ. ಯಾರು, ಎಷ್ಟು ಗಂಟೆಗೆ, ಎಲ್ಲಿಗಿ ಹೋಗ್ತಾರ, ಅಷ್ಟೇ ಬರಕೊಂಡು ಬಾ."

ಅರ್ಜಿ ಬರೆಯಲು ನನಗೆ ಬರುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವರಿಗೆ ಅದು ತಿಳಿದಿತ್ತೋ ಏನೋ. "ಚಂದ ಅಕ್ಷರ ಬೇಕಾಗಿಲ್ಲ, ಅಳತಿ ಬೇಕು. ಅಳತಿ ನಿನಗ ಬರ್ತದಲ್ಲ?" ಅಂದರು.

ಅಳತೆ ನನಗೆ ಬರುತ್ತದೆ. ಒಂದು ವಾರ ಕೆಲಸಕ್ಕೆ ಹೋಗದೆ ಊರ ಹುಣಚಿ ಮರದ ಕೆಳಗೆ ಕೂತೆ. ಸಿಮೆಂಟ್ ಚೀಲದ ಖಾಕಿ ಕಾಗದ ಹರಿದು, ಗೋಡೆಗೆ ಗುರುತು ಹಾಕುವ ಪೆನ್ಸಿಲಿನಿಂದ ಗೆರೆ ಎಳೆದೆ. ಏಳೂವರೆಗೆ ಹೋದವರಿಗೆ ಒಂದು ಸಾಲು, ಎಂಟಕ್ಕೆ ಹೋದವರಿಗೆ ಒಂದು ಸಾಲು. ನಡೆದು ಹೋದವರು, ಹಾಲಿನ ಗಾಡಿಗೆ ಜೋತುಬಿದ್ದವರು, ಬಸುರಿ ಸೊಸೆಯನ್ನು ಬೈಕಿನ ನಡುವೆ ಕೂರಿಸಿಕೊಂಡು ಹೋದವರು. ಕೊನೆಯ ಸಾಲು ಹೋಗಬೇಕಾಗಿದ್ದೂ ಹೋಗದವರದು. ಅದರಲ್ಲಿ ಒಂಬತ್ತು, ಹತ್ತನೇತ್ತೆಗೆ ಹೋಗಬೇಕಾದ ಹದಿನಾಲ್ಕು ಹುಡುಗಿಯರ ಗೆರೆಗಳಿದ್ದವು. ಗಫೂರ್‌ಸಾಬರು ಆ ಕಾಗದವನ್ನು ಮಡಿಚಲಿಲ್ಲ. ಕಲಬುರಗಿಯಲ್ಲಿ ಮೇಲಿನ ಸಾಹೇಬರ ಮೇಜಿನ ಮೇಲೆ ಹಾಗೇ ಹಾಸಿ, "ಸರ್, ಇದಕ್ಕಿಂತ ಸೀದಾ ಗೆರಿ ನಮ್ಮ ಆಫೀಸಿನಾಗ ಯಾರೂ ಹೊಡ್ಯಂಗಿಲ್ಲ" ಅಂದರಂತೆ.

ಜೂನ್ ತಿಂಗಳಲ್ಲಿ ಬಸ್ ಮಂಜೂರಾಯಿತು, ಒಂದು ತಿಂಗಳ ಮಟ್ಟಿಗೆ. ಮುಂಜಾನೆ ಎಂಟೂಕಾಲಿಗೆ ಊರಿಂದ, ಸಂಜೆ ಐದು ನಲ್ವತ್ತಕ್ಕೆ ಕಮಲಾಪುರದಿಂದ. ಹೊತ್ತಿಗೆ ಸರಿಯಾಗಿ ನಡೆದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಬಂದ್. ಅಂಬಿಕಾ ಆ ದಿನವೇ ಚೀಲಕ್ಕೆ ಪುಸ್ತಕ ತುಂಬಿಟ್ಟಳು. ಹೈಸ್ಕೂಲಿನಲ್ಲಿ ಇನ್ನೂ ಹೆಸರೂ ಹಚ್ಚಿರಲಿಲ್ಲ.

ಇನ್ನು ನಮ್ಮೂರಿನವರು ಮಾಡಿದ ಘನಕಾರ್ಯ ಹೇಳಬೇಕು.

ಮೊದಲ ದಿನ ಬಸ್ಸಿಗೆ ಮಾವಿನ ತೋರಣ, ಗಾಲಿಗೆ ನಿಂಬೆಹಣ್ಣು, ಹನುಮಪ್ಪನ ಗುಡಿ ಮುಂದೆ ಐದು ತೆಂಗಿನಕಾಯಿ. ಡ್ರೈವರಿಗೂ ಕಂಡಕ್ಟರಿಗೂ ಮಣೆ ಹಾಕಿ ಕೂರಿಸಿ ಹೋಳಿಗೆ ಬಡಿಸಿದೆವು. ಅವರು ಸಾಕು ಅಂದಷ್ಟೂ ತುಪ್ಪ ಹೆಚ್ಚಾಯಿತು. ಊರಿಗೆಲ್ಲ ಹಿರಿಯನಾದ ಶಿವಲಿಂಗಪ್ಪ ಮುತ್ಯಾ ಭಾಷಣ ಮಾಡಿದ, ಅದರಲ್ಲಿ ಅವನ ಅಪ್ಪನ ಕಾಲದ ಬರವೂ ಬಂತು. ಅಲ್ಲಿಂದ ಹೊರಟರೆ ಊರಾಚೆಯ ಲಂಬಾಣಿ ತಾಂಡಾದವರು ಅಡ್ಡ ನಿಂತಿದ್ದರು: "ನಿಮ್ಮ ಪೂಜಾ ಆತು, ನಮ್ಮದು?" ಅಲ್ಲಿ ಮತ್ತೆ ಕಾಯಿ, ಮತ್ತೆ ಹಾಡು, ಹೆಂಗಸರ ಕುಣಿತ. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಎಂಟೂಕಾಲಿಗೆ ಬಿಡಬೇಕಾದ ಬಸ್ಸು ಕಮಲಾಪುರ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಹುಡುಗಿಯರಿಗೆ ಹೈಸ್ಕೂಲಿನ ಮೊದಲ ದಿನವೇ ಎರಡು ಪಿರಿಯಡ್ ಹೋಗಿದ್ದವು. ಆ ಬಸ್ಸು ಮುಂದೆ ಹೋಗಬೇಕಾದ ಇನ್ನೊಂದೂರಿನ ಟ್ರಿಪ್ಪೇ ರದ್ದಾಗಿತ್ತು.

ಗಫೂರ್‌ಸಾಬರು ಬೈಯಲಿಲ್ಲ. ನಿಂಬೆಹಣ್ಣು ಕಟ್ಟಿದ ಗಾಲಿಯನ್ನು ಒಮ್ಮೆ ನೋಡಿ, ಹಲಗೆಯ ಮೇಲೆ ಬರೆದರು: ಹುಣಚಿನಾಳ, 10.35.

ಎರಡನೇ ದಿನ ಒಬ್ಬೊಬ್ಬರೂ ತಮ್ಮ ಮನೆ ಮುಂದೆ ಬಸ್ ನಿಲ್ಲಿಸಲು ಶುರು ಮಾಡಿದರು. ಒಬ್ಬನ ಅಂಗಿಗೆ ಇಸ್ತ್ರಿ ಆಗುವವರೆಗೆ, ಒಬ್ಬಳ ರೊಟ್ಟಿ ಬುತ್ತಿ ಕಟ್ಟುವವರೆಗೆ ಬಸ್ಸು ನಿಂತಿತು. "ಇಷ್ಟು ವರ್ಷ ನಾವು ಕಾದೀವಿ, ಒಂದೀಟು ಅದೂ ಕಾಯಲಿ ತಗೋ" ಎಂದು ನಗುತ್ತಿದ್ದರು. ವಾರ ಮುಗಿಯುವಷ್ಟರಲ್ಲಿ ಡಿಪೋದಿಂದ ಚೀಟಿ ಬಂತು. ಇನ್ನೊಂದು ದಿನ ತಡವಾದರೂ ಬಸ್ ಬಂದ್.

ಆ ಐತವಾರ ಗಫೂರ್‌ಸಾಬರು ನನ್ನ ಬೈಕಿನ ಹಿಂದೆ ಕೂತು ಊರಿಗೆ ಬಂದರು. ರಜೆಯ ದಿನ, ಆದರೂ ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಹುಣಚಿ ಮರದ ಕೆಳಗೆ ಊರೆಲ್ಲ ಸೇರಿತು.

"ನೀವು ಬಸ್ಸಿಗಿ ಬೀಗರ ಮರ್ಯಾದಿ ಮಾಡ್ಲಾಕತ್ತೀರಿ" ಅಂದರು. "ಬೀಗರು ಹೋಳಗಿ ಉಂಡು ಒಮ್ಮೆ ಹೋದ್ರ ಮತ್ತ ವರ್ಷಕ್ಕ ಬರ್ತಾರ. ಹಂಗ ಬೇಕೇನು ನಿಮಗ? ಮನ್ಯಾಗಿನ ಎಮ್ಮಿ ಹಂಗ ನೋಡ್ರಿ ಇದನ್ನ. ಟೈಮಿಗೆ ಹಿಂಡ್ತೀರಿ, ಟೈಮಿಗೆ ಮೇಯಲಾಕ ಬಿಡ್ತೀರಿ. ದಿನಾ ಮುಂಜಾನೆ ಎಮ್ಮಿಗಿ ಆರತಿ ಮಾಡ್ಕೋತ ಕುಂತ್ರ ಹಾಲು ಯಾರು ಹಿಂಡಬೇಕು?"

ಹೆಂಗಸರ ಕಡೆಯಿಂದ ನಗು ಎದ್ದಿತು. ಶಿವಲಿಂಗಪ್ಪ ಮುತ್ಯಾನಿಗೆ ಮಾತ್ರ ಸಿಟ್ಟು. "ಅಂದ್ರ ಊರ ಹಿರ್ಯಾ ಬರ್ತಾನಂದ್ರೂ ನಿಲ್ಲಂಗಿಲ್ಲೇನು ನಿಮ್ಮ ಬಸ್ಸು?"

"ನನ್ನ ಹೆಂಡತಿಗೇ ನಿಂತಿಲ್ಲ ಮುತ್ಯಾ!"

ಬಾಳೆಹಣ್ಣಿನ ಕತೆ ಊರಿಗೆಲ್ಲ ಗೊತ್ತಿತ್ತು. ಮರದ ಮೇಲಿನ ಹಕ್ಕಿ ಹಾರುವಂತೆ ಜನ ನಕ್ಕರು. ಮುತ್ಯಾನೂ ಕಡೆಗೆ ಬೊಚ್ಚು ಬಾಯಿ ತೆರೆದ. "ಎಷ್ಟು ಹಣ್ಣು ತಿಂದಳೋ ಆಕಿ?"

"ಪೂರಾ ಡಜನ್. ಸಿಪ್ಪಿ ಎತ್ತಿ ಹಾಕಿದಾಂವ ನಾನು."

ಊರಿಗೆ ಒಂದೇ ಸ್ಟಾಪ್, ಹುಣಚಿ ಮರ. ಹಾಗಂತ ತೀರ್ಮಾನವಾಯಿತು. ಅಲ್ಲಿ ನಾನು ಶಹಾಬಾದ್ ಪರಸಿ ಕಲ್ಲು ಹಾಸಿ ಎರಡೇ ದಿನದಲ್ಲಿ ಕಟ್ಟೆ ಕಟ್ಟಿದೆ. ತಾಂಡಾದವರು ತಮಗೂ ಒಂದು ಬೇಕೆಂದರು, ಅವರಿಗೂ ಕಟ್ಟಿದೆ. ಗಫೂರ್‌ಸಾಬರು ಆ ಐತವಾರ ಹೊರಡುವಾಗ ಕಿಸೆಯಿಂದ ಹಳೆಯ ಸೀಟಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. "ನೀ ದಿನಾ ಇದೇ ಬಸ್ಸಿಗಿ ಹತ್ತಿ ಕೆಲಸಕ್ಕ ಬರ್ತೀದಿ. ಎಂಟೂಕಾಲಕ್ಕ ಇದನ್ನ ಊದಿ ಹತ್ತು. ಯಾರ ಮಾರೀನೂ ನೋಡಬ್ಯಾಡ."

ಐದಾರು ದಿನ ನೆಟ್ಟಗೆ ನಡೆಯಿತು. ಆಮೇಲಿನ ದಿನವನ್ನು ನಾನು ಮರೆಯುವುದಿಲ್ಲ.

ಎಂಟು ಹದಿನಾಲ್ಕು. ಹದಿಮೂರು ಹುಡುಗಿಯರು ಹತ್ತಿದ್ದರು. ಹದಿನಾಲ್ಕನೆಯವಳು ನನ್ನ ಮಗಳು. ಅವಳ ಅವ್ವ ಕಾಶಿಬಾಯಿ ಜಡೆ ಹೆಣೆಯುತ್ತಿದ್ದಳು, ರಿಬ್ಬನ್ನು ಕಳೆದಿತ್ತು, ಹುಡುಕುತ್ತಿದ್ದರು. ಇಷ್ಟೇ ಕಾರಣ. ಓಣಿಯ ತುದಿಯಲ್ಲಿ ಅಂಬಿಕಾ ಕಂಡಳು. ಒಂದು ಜಡೆ ಕಟ್ಟಿತ್ತು, ಇನ್ನೊಂದು ಬಿಚ್ಚಿತ್ತು. ಕೈಯಲ್ಲಿ ಚೀಲ ಹಿಡಿದು ಓಡುತ್ತಿದ್ದಳು.

"ಕಾಕಾ, ಅಂಬಿಕಾ ಬರ್ಲಾಕತ್ತಾಳ್ರೀ!" ಒಳಗಿಂದ ಹುಡುಗಿಯರು ಕೂಗಿದರು. ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ನನ್ನನ್ನೇ ನೋಡುತ್ತಿದ್ದ. ಈಗ ಮೇಸ್ತ್ರಿ ಏನು ಮಾಡ್ತಾನೆ, ನೋಡೋಣ ಎಂಬ ನೋಟ. ಇವತ್ತು ನನ್ನ ಮಗಳಿಗೆ ನಿಂತರೆ ನಾಳೆ ಅವನ ಮೊಮ್ಮಗನಿಗೆ ನಿಲ್ಲಬೇಕು, ನಾಡಿದ್ದು ಇಸ್ತ್ರಿ ಅಂಗಿಗೆ. ಆಮೇಲೆ ಬಸ್ಸೇ ಇಲ್ಲ, ಹದಿನಾಲ್ಕೂ ಹುಡುಗಿಯರು ಮನೆಯಲ್ಲಿ. ಇದೆಲ್ಲ ಹೊಳೆಯಲು ಒಂದು ನಿಮಿಷ ಹಿಡಿಯಿತು. ಆ ನಿಮಿಷ ಮುಗಿದಿತ್ತು. ನಾನು ಊದಿದೆ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಮೇಸ್ತ್ರಿ, ನಿಮ್ಮ ಮಗಳಲ್ಲೇನ್ರಿ?"

"ಹೌದು. ನಡೀರಿ."

ಹಿಂದಿನ ಗಾಜಿನಲ್ಲಿ ಅವಳು ನಿಂತುಬಿಟ್ಟದ್ದು ಕಂಡಿತು. ಚೀಲ ನೆಲಕ್ಕೆ ಹಾಕಿ, ಬಿಚ್ಚಿದ ಕೂದಲನ್ನು ಮುಖದಿಂದ ಸರಿಸಿ ನೋಡುತ್ತಿದ್ದಳು. ಬಸ್ಸು ತಿರುವು ದಾಟುವವರೆಗೂ ನಾನು ಆ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಹುಡುಗಿಯರು ಕಮಲಾಪುರದವರೆಗೆ ಮುಖ ತಿರುಗಿಸಿಕೊಂಡೇ ಕೂತಿದ್ದರು.

ಅಂಬಿಕಾ ಮನೆಗೆ ತಿರುಗಿ ಹೋಗಲಿಲ್ಲ. ನಡೆದಳು. ಬ್ರಿಜ್ ದಾಟಿದ ಮೇಲೆ ಹಾಲಿನ ಗಾಡಿ ಸಿಕ್ಕು, ಎರಡನೇ ಪಿರಿಯಡ್ಡಿಗೆ ಹೈಸ್ಕೂಲು ಮುಟ್ಟಿದಳು. ಸಂಜೆ ನಾನು ಕಲಬುರಗಿಯಿಂದ ಬಂದಿಳಿದಾಗ ಸುದ್ದಿ ಗಫೂರ್‌ಸಾಬರಿಗೆ ತಲುಪಿತ್ತು. ಒಂದು ಚಹಾ ತರಿಸಿ, ಅರ್ಧ ಬಶಿಗೆ ಸುರಿದು ನನ್ನ ಕಡೆ ಸರಿಸಿದರು.

"ನಮ್ಮ ಬೀಬಿ ಎರಡು ದಿನ ಮಾತು ಬಿಟ್ಟಿದ್ದಳು" ಅಂದರು. "ನಿನ್ನ ಮಗಳು?"

"ಇನ್ನಾ ಮಾರಿ ತೋರ್ಸಿಲ್ಲ ಸಾಬ್. ಆಕಿ ಅವ್ವನ ಮಾರಿ ಇನ್ನಾ ನೋಡಬೇಕು, ನಾಳಿಗಿ ಬುತ್ತಿ ಸಿಗ್ತದೋ ಇಲ್ಲೋ."

"ಹಂಗಾದ್ರ ನೌಕರಿ ಪಕ್ಕಾ ಆತು ನಿಂದು." ನಕ್ಕರು. ಆಮೇಲೆ ಬೇರೆ ಕಡೆ ನೋಡುತ್ತ, ಸಣ್ಣ ದನಿಯಲ್ಲಿ, "ನನಗೂ ಅವತ್ತು ಸೀಟಿ ಊದಲಾಕ ಉಸಿರೇ ಬರ್ಲಿಲ್ಲ ನೋಡು. ಎರಡು ಸಲ ಊದೀನಿ. ಇದನ್ನ ಆ ಚಾದವಗ ಹೇಳಬ್ಯಾಡ" ಅಂದರು.

ಮರುದಿನ ಎಂಟು ಗಂಟೆಗೇ ಕಟ್ಟೆಯ ಮೇಲೆ ಎರಡು ಗಟ್ಟಿ ಜಡೆಯ ಹುಡುಗಿ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಅವಳ ಪಕ್ಕದಲ್ಲಿ ಶಿವಲಿಂಗಪ್ಪ ಮುತ್ಯಾ, ಅವನ ಪಕ್ಕದಲ್ಲಿ ಇಸ್ತ್ರಿ ಅಂಗಿಯವ. ಆಮೇಲೆ ಊರಲ್ಲಿ ಯಾರೂ ಬಸ್ಸಿಗೆ ನಿಲ್ಲು ಅನ್ನಲಿಲ್ಲ. ತಿಂಗಳು ಮುಗಿಯಿತು, ಬಸ್ಸು ಬಂದ್ ಆಗಲಿಲ್ಲ. ಹಲಗೆಯ ಮೇಲೆ ಖಾಯಂ ಸಾಲಿನಲ್ಲಿ ಹುಣಚಿನಾಳ ಎಂದು ಬರೆದು, ಗಫೂರ್‌ಸಾಬರು ಅದರ ಕೆಳಗೆ ನನ್ನ ಕೈಯಿಂದ ಒಂದು ಗೆರೆ ಎಳೆಸಿದರು.

ಎಷ್ಟೋ ಮಳೆಗಾಲ ಕಳೆದಿವೆ. ಅಂಬಿಕಾ ಅದೇ ಬಸ್ಸಿನಲ್ಲಿ ಹೋಗಿ ಹೈಸ್ಕೂಲು, ಪಿಯುಸಿ ಮುಗಿಸಿದಳು. ಕಲಬುರಗಿಯಲ್ಲಿ ನರ್ಸಿಂಗ್ ಓದಿ ಈಗ ಸರ್ಕಾರಿ ದವಾಖಾನೆಯಲ್ಲಿದ್ದಾಳೆ. ಡ್ಯೂಟಿಗೆ ಹತ್ತು ನಿಮಿಷ ಮೊದಲೇ ಹೋಗುತ್ತಾಳಂತೆ. ಯಾರಾದರೂ ಯಾಕೆಂದು ಕೇಳಿದರೆ "ನಮ್ಮಪ್ಪನ್ನ ಕೇಳ್ರಿ" ಅನ್ನುತ್ತಾಳಂತೆ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದ ಮೇಲೆ ಕಾಶಿಬಾಯಿ ನನಗಿಂತ ಹೆಚ್ಚು ಸಲ ಸೂಪರ್ ಮಾರ್ಕೆಟ್ ನೋಡಿದ್ದಾಳೆ. ಹದಿನಾಲ್ಕರಲ್ಲಿ ಮೂವರು ಹುಡುಗಿಯರು ನಡುವೆಯೇ ಬಿಟ್ಟರು, ಅದನ್ನೂ ಹೇಳಬೇಕು. ಅವರಲ್ಲಿ ಒಬ್ಬಳು ಈಗ ತನ್ನ ಮಗಳನ್ನು ಅದೇ ಕಟ್ಟೆಯ ಮೇಲೆ ಕೂರಿಸಿಕೊಂಡು ಬಸ್ಸಿಗೆ ಕಾಯುತ್ತಾಳೆ.

ಗಫೂರ್‌ಸಾಬರು ರಿಟೈರ್ ಆಗಿ ಕಲಬುರಗಿಗೆ ಹೋದರು. ಕುಸನೂರದ ಕಡೆ ನನಗೆ ಕೆಲಸ ಇದ್ದಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ದೇಹ ಇಳಿದಿತ್ತು, ದನಿ ಇಳಿದಿರಲಿಲ್ಲ.

"ಎಂಟೂಕಾಲಕ್ಕೇ ಬಿಡ್ಲಾಕತ್ತದೇನು?"

"ಎಂಟೂಕಾಲಕ್ಕೇ ಸಾಬ್."

"ನಿನಗಿನ್ನಾ ಬಸ್ ತಪ್ಪಿಲ್ಲೇನು?"

"ಒಮ್ಮಿನೂ ಇಲ್ಲ." ಎದೆ ಸ್ವಲ್ಪ ಮುಂದೆ ಬಂದಿರಬೇಕು.

"ಅಂದ್ರ ಚಾ ಇನ್ನಾ ಉಳದದ." ಕೊರಳ ಹತ್ತಿರ ಕೈ ಹೋಯಿತು. ಅಲ್ಲಿ ಸೀಟಿ ಇರಲಿಲ್ಲ.

ಒಳಗಿನಿಂದ ಚಾಚಿ ಕೂಗಿದರು: "ಊರಿಗೆಲ್ಲಾ ಟೈಮು ಹೇಳ್ತಾರ, ಊಟಕ್ಕ ಕರದ್ರ ಮಾತ್ರ ಒಂದು ತಾಸಿಗೆ ಬರ್ತಾರ. ಮೇಸ್ತ್ರಿ, ನೀವಾರ ಒಂದು ಸೀಟಿ ಊದ್ರಿ!" ಹೊರಡುವಾಗ ಚಾಚಿ ನನ್ನ ಚೀಲಕ್ಕೆ ನಾಲ್ಕು ಕೆಂಪು ಬಾಳೆಹಣ್ಣು ಹಾಕಿದರು. ಕಮಲಾಪುರದವನಿಗೆ ಕಲಬುರಗಿಯಿಂದ ಬಾಳೆಹಣ್ಣು! ಗಫೂರ್‌ಸಾಬರು ಬಾಗಿಲ ತನಕ ಬಂದು, "ಜಲ್ದಿ ನಡಿ, ಐದು ನಲ್ವತ್ತರದು ಹೋಗ್ತದ" ಅಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಈ ವರ್ಷ ಅವರು ತೀರಿಕೊಂಡ ಸುದ್ದಿ ಗೋಡೆ ಕಟ್ಟುತ್ತಿದ್ದಾಗ ಬಂತು. ಕೈ ತೊಳೆದು ಹೋದೆ. ಮಣ್ಣು ಕೊಟ್ಟು, ಚಾಚಿಗೆ ಕೈ ಮುಗಿದು, ಕಮಲಾಪುರದ ಬಸ್ ಹತ್ತಿದೆ. ಸ್ಟ್ಯಾಂಡಿನಲ್ಲಿ ಇಳಿದವನೇ ಓಡಿದೆ. ಹುಣಚಿನಾಳದ ಜಾಗ ಖಾಲಿ ಇತ್ತು. ಖೋಲಿಯಲ್ಲಿ ಈಗ ಒಬ್ಬ ಹೆಣ್ಣುಮಗಳು ಕಂಟ್ರೋಲರ್.

"ಹೋತ್ರೀ ಕಾಕಾ. ಎರಡು ನಿಮಿಷ ಆತು" ಅಂದಳು.

"ಎರಡು ನಿಮಿಷಕ್ಕ ಏನಾಗ್ತಿತ್ತವಾ?"

"ನಿಂದ್ರಸಲಾಕ ಬರಂಗಿಲ್ರೀ." ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ತೋರಿಸಿದಳು. ಹುಣಚಿನಾಳ, 5.40. ಅದರ ಪಕ್ಕದಲ್ಲಿ, ಹೊರಟ ಹೊತ್ತು, 5.40. ಹಾಗೆ ಬರೆಯುವುದನ್ನು ಯಾರು ಕಲಿಸಿದರು ಅಂತ ನಾನು ಕೇಳಲಿಲ್ಲ.

ಹೊರಗೆ ಬಂದು ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ಬಶಿಯ ಜೊತೆ ಒಂದು ಚಹಾ ಹೇಳಿದೆ. ಅರ್ಧ ಬಶಿಗೆ ಸುರಿದು, ಪಕ್ಕದ ಖಾಲಿ ಜಾಗದ ಕಡೆ ಸರಿಸಿದೆ. ಆಮೇಲೆ, ಸುತ್ತ ನಿಂತವರು ತಿರುಗಿ ನೋಡುವ ಹಾಗೆ, ಗಟ್ಟಿಯಾಗಿ ಬೈದೆ:

"ಏನ್ರೀ ಸಾಬ್, ಕಣ್ಣ ಕಾಣಂಗಿಲ್ಲೇನು? ನಮ್ಮೂರ ಬಸ್ ತಪ್ಪಿಸಿದ್ರಲ್ರೀ!"